ಕಾರ್ಯಕ್ರಮಕ್ಕೊಂದು ಕಾಯಂ ಗುರುತು

1985ರ ಡಬ್ಲಿನ್‌ನಲ್ಲಿ ಮುಂದಿನ ಒಂದು ವಾರ ಟಿವಿಯಲ್ಲಿ ಏನೇನು ಬರುತ್ತದೆ ಎಂದು ತಿಳಿಯಬೇಕಾದರೆ ಮೂರು ಪತ್ರಿಕೆ ಕೊಳ್ಳಬೇಕಿತ್ತು. ಐರ್ಲೆಂಡಿನ ಆರ್‌ಟಿಇ ತನ್ನ ಕಾರ್ಯಕ್ರಮಗಳಿಗೆ ತನ್ನದೇ ವಾರಪತ್ರಿಕೆ ಹೊರಡಿಸುತ್ತಿತ್ತು. ಪಕ್ಕದ ಬ್ರಿಟನ್ನಿನಿಂದ ಬರುತ್ತಿದ್ದ ಬಿಬಿಸಿಗೆ ‘ರೇಡಿಯೊ ಟೈಮ್ಸ್’, ಐಟಿವಿಗೆ ‘ಟಿವಿ ಟೈಮ್ಸ್’. ದಿನಪತ್ರಿಕೆಗಳು ಆಯಾ ದಿನದ, ಹೆಚ್ಚೆಂದರೆ ವಾರಾಂತ್ಯದ ಪಟ್ಟಿ ಹಾಕಬಹುದಿತ್ತು, ಅಷ್ಟೇ. ‘ಮಗಿಲ್ ಟಿವಿ ಗೈಡ್’ ಎಂಬ ಪತ್ರಿಕೆ ಮೂರೂ ಕಡೆಯ ವಾರದ ಪಟ್ಟಿಯನ್ನು ಒಟ್ಟಿಗೆ ಅಚ್ಚು ಹಾಕಲು ಹೊರಟಾಗ ಮೂವರೂ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಪಟ್ಟಿಯ ಕಾಪಿರೈಟ್ ತಮ್ಮದು ಎಂಬುದು ಅವರ ವಾದ.

1988ರಲ್ಲಿ ಯುರೋಪಿಯನ್ ಕಮಿಷನ್ ಮಗಿಲ್ ಪರ ನಿಂತಿತು. ಮೇಲ್ಮನವಿಗಳೆಲ್ಲ ಮುಗಿದು ಯುರೋಪಿನ ಉನ್ನತ ನ್ಯಾಯಾಲಯದ ತೀರ್ಪು ಬಂದದ್ದು 1995ರ ಏಪ್ರಿಲ್ 6ರಂದು. ಯಾವ ಕಾರ್ಯಕ್ರಮ ಯಾವ ಹೊತ್ತಿಗೆ ಎಂಬ ಮಾಹಿತಿ ವಾಹಿನಿಗಳ ಬಳಿ ಬಿಟ್ಟು ಬೇರೆಲ್ಲೂ ಸಿಗುವುದಿಲ್ಲ, ಅದನ್ನು ಬಿಗಿಹಿಡಿದು ಜನರಿಗೆ ಬೇಕಾದ ಹೊಸ ಪತ್ರಿಕೆಯೊಂದು ಹುಟ್ಟದಂತೆ ಮಾಡುವುದು ತಪ್ಪು ಎಂದಿತು ನ್ಯಾಯಾಲಯ. ಬ್ರಿಟನ್ ಅದಕ್ಕೂ ಮೊದಲೇ, 1990ರ ಪ್ರಸಾರ ಕಾಯ್ದೆಯ ಮೂಲಕ, ಪಟ್ಟಿಯ ಮೇಲಿನ ಈ ಏಕಸ್ವಾಮ್ಯವನ್ನು ಕೊನೆಗೊಳಿಸಿತ್ತು.

ಇದರ ಹಿನ್ನೆಲೆಯಲ್ಲಿ ಇನ್ನೊಂದು ಕತೆಯಿದೆ. 1923ರಲ್ಲಿ ಬ್ರಿಟನ್ನಿನ ಪತ್ರಿಕಾ ಮಾಲೀಕರು, ರೇಡಿಯೊ ಕಾರ್ಯಕ್ರಮಗಳ ಪಟ್ಟಿ ಹಾಕಬೇಕಾದರೆ ಜಾಹೀರಾತಿನಂತೆ ದುಡ್ಡು ಕೊಡಿ ಎಂದು ಬಿಬಿಸಿಗೆ ಹೇಳಿದ್ದರು. ಅದಕ್ಕೆ ಉತ್ತರವಾಗಿ ಬಿಬಿಸಿಯ ಮುಖ್ಯಸ್ಥ ಜಾನ್ ರೀತ್ ಅವರ ನೇತೃತ್ವದಲ್ಲಿ ಆ ವರ್ಷದ ಸೆಪ್ಟೆಂಬರ್ 28ರಂದು ‘ರೇಡಿಯೊ ಟೈಮ್ಸ್’ ಹುಟ್ಟಿತು. ಪಟ್ಟಿ ಹಾಕಿಸಲು ದಾರಿ ಹುಡುಕಿದ ಸಂಸ್ಥೆಯೇ ಅರವತ್ತು ವರ್ಷಗಳ ನಂತರ ಪಟ್ಟಿ ಹಾಕಿದವರನ್ನು ಕೋರ್ಟಿಗೆ ಎಳೆಯಿತು. ನಡುವೆ ಆ ಪಟ್ಟಿಗೆ ಬೆಲೆ ಬಂದಿತ್ತು.

ಅದೇ ಬಿಬಿಸಿ ಮುಂದೆ ಮಾಡಿದ ಕೆಲಸಕ್ಕೆ ನನ್ನ ಮನಸ್ಸಿನಲ್ಲಿ ದೊಡ್ಡ ಗೌರವವಿದೆ. 2007ರಲ್ಲಿ ಅದು ತನ್ನ ಪ್ರತಿಯೊಂದು ಕಾರ್ಯಕ್ರಮಕ್ಕೂ ಅಂತರ್ಜಾಲದಲ್ಲಿ ಒಂದು ಪುಟ ಕೊಡಲು ತೀರ್ಮಾನಿಸಿತು. ಜನಪ್ರಿಯ ಕಾರ್ಯಕ್ರಮಗಳಿಗೆ ಅಂದದ ಪುಟ ಮಾಡಿ ಉಳಿದದ್ದನ್ನು ಕೈಬಿಡುವ ಪದ್ಧತಿ ಎಲ್ಲೆಡೆ ಇತ್ತು. ಬಿಬಿಸಿಯಲ್ಲಿ ಮಧ್ಯರಾತ್ರಿಯ ಚರ್ಚೆಗೂ ಒಂದು ಪುಟ, ಆ ಪುಟಕ್ಕೊಂದು ಪುಟ್ಟ ಗುರುತು ಸಂಕೇತ ಬಂತು. ಆ ಸಂಕೇತದಲ್ಲಿ ಕಾರ್ಯಕ್ರಮದ ಹೆಸರಿಲ್ಲ, ವಾಹಿನಿಯ ಹೆಸರಿಲ್ಲ, ತಾರೀಖೂ ಇಲ್ಲ. ಇವೆಲ್ಲ ಬದಲಾಗುವ ಸಂಗತಿಗಳು, ಹಾಗಾಗಿ ಬೇಕೆಂದೇ ಹೊರಗಿಟ್ಟರು. ಜಮೀನು ಯಾರ ಕೈ ಸೇರಿದರೂ ಸರ್ವೆ ನಂಬರ್ ಉಳಿಯುವ ಹಾಗೆ ಈ ಗುರುತೂ ಉಳಿಯಬೇಕೆಂಬುದು ಉದ್ದೇಶ.

ಪುಟಗಳ ಹಿಂದಿನ ವಿಂಗಡಣೆ ಇನ್ನೂ ಸೂಕ್ಷ್ಮವಾದದ್ದು. ಬಿಬಿಸಿಯ ಧಾರಾವಾಹಿ ‘ಡಾಕ್ಟರ್ ಹೂ’ ಎಂಬುದು ಒಟ್ಟು ಕಾರ್ಯಕ್ರಮ. ಅದರೊಳಗೆ ಸರಣಿಗಳು, ಸರಣಿಯೊಳಗೆ ಕಂತುಗಳು. ಒಂದೇ ಕಂತಿಗೆ ಹಲವು ಆವೃತ್ತಿಗಳು: ಕತ್ತರಿಸಿದ್ದು, ಸಂಜ್ಞಾಭಾಷೆ ಸೇರಿಸಿದ್ದು. ಒಂದೊಂದು ಆವೃತ್ತಿಗೂ ಹಲವು ಪ್ರಸಾರಗಳು. ಸೋಮವಾರ ಬಂದ ಕಂತು ಶನಿವಾರ ಮರುಪ್ರಸಾರವಾದರೆ ಬೇರೆಯಾಗುವುದು ಪ್ರಸಾರವೇ ಹೊರತು ಕಂತಲ್ಲ ಎಂಬುದು ಮನುಷ್ಯರಿಗೆ ಹೇಳದೆಯೂ ತಿಳಿಯುತ್ತದೆ, ಕಂಪ್ಯೂಟರಿಗೆ ಬರೆದಿಟ್ಟೇ ತಿಳಿಸಬೇಕು. ಬಿಬಿಸಿ ಈ ವಿಂಗಡಣೆಯನ್ನು ಯಾರು ಬೇಕಾದರೂ ಬಳಸುವಂತೆ ಬಹಿರಂಗವಾಗಿ ಪ್ರಕಟಿಸಿತು. ಮೆಟಾಡೇಟಾ ಎಂದು ಕರೆಯುವುದು ಇಂಥ ವಿವರಗಳನ್ನೇ.

ಇದಕ್ಕೂ ಮುಂಚೆ, 1999ರಲ್ಲಿ, ಟಿವಿ-ಎನಿಟೈಮ್ ಎಂಬ ಒಕ್ಕೂಟ ಕಟ್ಟಿಕೊಂಡವರು ಬೇರೆ ದಿಕ್ಕಿನಿಂದ ಇಲ್ಲಿಗೇ ಬಂದಿದ್ದರು. ಮನೆಯ ರೆಕಾರ್ಡರಿಗೆ ‘ಈ ಧಾರಾವಾಹಿಯನ್ನು ಹಿಡಿದಿಡು’ ಎಂದರೆ ಸಾಕು, ಯಾವ ವಾಹಿನಿ, ಎಷ್ಟು ಗಂಟೆ ಎಂಬುದನ್ನು ಅದೇ ಹುಡುಕಿಕೊಳ್ಳಬೇಕು ಎಂಬುದು ಅವರ ಗುರಿ. ಅದಕ್ಕಾಗಿ ಕ್ರಿಡ್ ಎಂಬ ಗುರುತನ್ನು ರೂಪಿಸಿದರು. ಅದು ಸೂಚಿಸುವುದು ಕಾರ್ಯಕ್ರಮವನ್ನು. ಕಾರ್ಯಕ್ರಮ ಎಲ್ಲಿ, ಯಾವಾಗ ಸಿಗುತ್ತದೆ ಎಂಬುದನ್ನು ಆಮೇಲೆ ಬೇರೆಯಾಗಿ ಪತ್ತೆ ಹಚ್ಚಬೇಕು. 2005ರಲ್ಲಿ ಅದು ಅಂತರ್ಜಾಲದ ಅಧಿಕೃತ ದಾಖಲೆಗಳಲ್ಲೂ ಸೇರಿತು.

ಅಮೆರಿಕದಲ್ಲಿ 2007ರ ಸೆಪ್ಟೆಂಬರಿನಲ್ಲಿ ನಡೆದದ್ದನ್ನೂ ಹೇಳಬೇಕು. ಸ್ವಂತ ಕಂಪ್ಯೂಟರನ್ನೇ ಟಿವಿ ರೆಕಾರ್ಡರ್ ಮಾಡಿಕೊಂಡಿದ್ದ ಹವ್ಯಾಸಿಗಳು ಒಂದು ಕಂಪನಿ ಉಚಿತವಾಗಿ ಕೊಡುತ್ತಿದ್ದ ಕಾರ್ಯಕ್ರಮ ಪಟ್ಟಿಯನ್ನು ನೆಚ್ಚಿಕೊಂಡಿದ್ದರು. ಕಂಪನಿ ಅದನ್ನು ನಿಲ್ಲಿಸಿತು. ಬಳಕೆದಾರರ ಕಡೆಯಿಂದಲೇ ‘ಷೆಡ್ಯೂಲ್ಸ್ ಡೈರೆಕ್ಟ್’ ಎಂಬ ಲಾಭರಹಿತ ಸಂಸ್ಥೆ ಎದ್ದಿತು. ಚಂದಾ ಕಟ್ಟಿ ಪಟ್ಟಿ ಪಡೆಯುವ ಆ ವ್ಯವಸ್ಥೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದಿದೆ. ಉಚಿತ ಬೇರೆ, ಮುಕ್ತ ಬೇರೆ. ಉಚಿತವಾಗಿ ಕೊಟ್ಟದ್ದನ್ನು ನಾಳೆ ಹಿಂತೆಗೆದುಕೊಳ್ಳಬಹುದು.

2014ರ ಅಕ್ಟೋಬರಿನಲ್ಲಿ ಬಿಬಿಸಿ ‘ಜೀನೋಮ್’ ಎಂಬ ಯೋಜನೆಯನ್ನು ಜನರ ಮುಂದಿಟ್ಟಿತು. 1923ರಿಂದ 2009ರವರೆಗಿನ ರೇಡಿಯೊ ಟೈಮ್ಸ್ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿ, 40 ಲಕ್ಷಕ್ಕೂ ಹೆಚ್ಚು ಪ್ರಸಾರ ವಿವರಗಳನ್ನು ಹುಡುಕಲು ಬರುವಂತೆ ಮಾಡಿದರು. ಯಂತ್ರ ಓದಿದ ಅಕ್ಷರಗಳಲ್ಲಿ ತಪ್ಪುಗಳಿದ್ದವು. ತಿದ್ದುವ ಅವಕಾಶವನ್ನು ಓದುಗರಿಗೇ ಕೊಟ್ಟರು. ಹಿಂದೆ ಬಿಬಿಸಿ ಟೇಪು ಉಳಿಸಲು ಹಳೆಯ ಕಾರ್ಯಕ್ರಮಗಳನ್ನು ಅಳಿಸುತ್ತಿತ್ತು. ಡಾಕ್ಟರ್ ಹೂ ಸರಣಿಯ 1960ರ ದಶಕದ 90ಕ್ಕೂ ಹೆಚ್ಚು ಕಂತುಗಳು ಹಾಗೆ ಕಳೆದುಹೋಗಿವೆ. ಆದರೆ ಅವುಗಳ ಹೆಸರು, ದಿನ, ನಟರು ಎಲ್ಲ ದಾಖಲೆಯಲ್ಲಿವೆ. ಏನು ಕಳೆದಿದೆ ಎಂದು ಗೊತ್ತಿದ್ದುದರಿಂದಲೇ ಅಭಿಮಾನಿಗಳು ದೇಶದೇಶಗಳಲ್ಲಿ ಹುಡುಕಿ ಕೆಲವು ಕಂತುಗಳನ್ನು ಮರಳಿ ತಂದಿದ್ದಾರೆ.

ನಮ್ಮ ಧಾರಾವಾಹಿಗಳ ಸ್ಥಿತಿ ನೆನೆದರೆ ನನಗೆ ಚಿಂತೆಯಾಗುವುದು ಇಲ್ಲಿಯೇ. ಟಿ.ಎನ್. ಸೀತಾರಾಮ್ ಅವರ ‘ಮುಕ್ತ’ ಒಂದು ಧಾರಾವಾಹಿ, ‘ಮುಕ್ತ ಮುಕ್ತ’ ಮತ್ತೊಂದು. ಸರ್ಚ್ ಯಂತ್ರಕ್ಕೆ ಈ ವ್ಯತ್ಯಾಸ ತಿಳಿಯಬೇಕಾದರೆ ಎರಡಕ್ಕೂ ಬೇರೆ ಬೇರೆ ಗುರುತು ಇರಬೇಕು. ಎರಡೂ ಬಂದದ್ದು ಈಟಿವಿ ಕನ್ನಡದಲ್ಲಿ. ಆ ವಾಹಿನಿಯೇ 2015ರಲ್ಲಿ ಕಲರ್ಸ್ ಕನ್ನಡ ಆಯಿತು. ವಾಹಿನಿಯ ಹೆಸರು ಹಿಡಿದು ಹುಡುಕುವವರು ಯಾವ ಹೆಸರು ಹಿಡಿಯಬೇಕು? ಚಂದನದಲ್ಲಿ ಬಂದ ‘ಮಾಯಾಮೃಗ’ವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಾರೆ. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ನ ಮೊದಲ ಕಂತುಗಳು ಹಿಂದಿ, ಇಂಗ್ಲಿಷ್ ಎರಡರಲ್ಲೂ ಇವೆ. ಬಿಬಿಸಿಯ ಲೆಕ್ಕದಲ್ಲಿ ಅವು ಒಂದೇ ಕಂತಿನ ಎರಡು ಆವೃತ್ತಿ. ಯೂಟ್ಯೂಬಿನ ರಾಶಿಯಲ್ಲಿ ಅವು ಸಂಬಂಧವೇ ಇಲ್ಲದ ಎರಡು ವಿಡಿಯೊ. ಯಾರೋ ಅಭಿಮಾನಿ ಏರಿಸಿದ ಹಳೆಯ ಕಂತಿಗೆ ‘ಭಾಗ 37’ ಎಂದಷ್ಟೇ ಶೀರ್ಷಿಕೆ ಇದ್ದರೆ, ಬರೆದವರು ಯಾರು, ಕ್ಯಾಮೆರಾ ಯಾರದು, ಎಂದು ಪ್ರಸಾರವಾಯಿತು ಎಂಬ ಪ್ರಶ್ನೆಗಳಿಗೆ ಉತ್ತರ ಎಲ್ಲಿ ಸಿಗಬೇಕು? ಮುಖ್ಯ ನಟರನ್ನು ಜನ ನೆನಪಿಟ್ಟುಕೊಳ್ಳುತ್ತಾರೆ. ಸಂಕಲನಕಾರ, ಸಹ ನಿರ್ದೇಶಕ, ಎರಡೇ ಕಂತಿನಲ್ಲಿ ಬಂದು ಹೋದ ರಂಗಭೂಮಿಯ ಹಿರಿಯ ಕಲಾವಿದೆ, ಇವರ ದುಡಿಮೆ ವಿವರ ಬರೆದಿಟ್ಟರಷ್ಟೇ ಉಳಿಯುತ್ತದೆ.

ಕಾರ್ಯಕ್ರಮ ನೋಡಲು ಹಣ ಕೇಳುವುದು ತಪ್ಪಲ್ಲ, ಅದನ್ನು ಮಾಡಿದವರ ಹೊಟ್ಟೆಪಾಡಿದೆ. ಕಾರ್ಯಕ್ರಮ ಇದೆಯೆಂಬ ಮಾಹಿತಿಗೂ ಬೀಗ ಹಾಕುವುದು ಒಪ್ಪತಕ್ಕದ್ದಲ್ಲ. ಒಂದು ಆ್ಯಪ್‌ನಲ್ಲಿರುವುದು ಇನ್ನೊಂದರ ಹುಡುಕಾಟದಲ್ಲಿ ಕಾಣದಿದ್ದರೆ, ನಾವು ಮಗಿಲ್‌ಗೂ ಹಿಂದಿನ ಡಬ್ಲಿನ್‌ನಲ್ಲೇ ಇದ್ದೇವೆ.

ದಾರಿ ಸಿದ್ಧವಾಗಿಯೇ ಇದೆ. ಗೂಗಲ್, ಬಿಂಗ್, ಯಾಹೂ ಸೇರಿ 2011ರಲ್ಲಿ ಆರಂಭಿಸಿದ ಸ್ಕೀಮಾ ಡಾಟ್ ಆರ್ಗ್ ಎಂಬ ಮುಕ್ತ ಪದಕೋಶದಲ್ಲಿ ಟಿವಿ ಸರಣಿ, ಸೀಸನ್, ಕಂತು ಎಲ್ಲಕ್ಕೂ ಜಾಗವಿದೆ. ಅದನ್ನು ಬೆಳೆಸುವುದರಲ್ಲಿ ಬಿಬಿಸಿ ಮತ್ತು ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ನಿನ ಅನುಭವವೂ ಬಳಕೆಯಾಗಿದೆ. ವಾಹಿನಿಯ ವೆಬ್‌ಸೈಟ್ ನೋಡಿಕೊಳ್ಳುವವರು ಪ್ರತಿ ಕಂತಿನ ಪುಟದಲ್ಲಿ ಕೆಲವು ಸಾಲು ಸೇರಿಸಿದರೆ ಸಾಕು: ಕನ್ನಡ ಲಿಪಿಯಲ್ಲಿ ಹೆಸರು, ಪರ್ಯಾಯ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರದ ಎಲ್ಲ ರೂಪಗಳು, ಕಂತಿನ ಸಂಖ್ಯೆ, ಮೊದಲ ಪ್ರಸಾರದ ದಿನ, ಭಾಷೆ, ನಿರ್ದೇಶಕರು, ಕಲಾವಿದರು, ಯಾವ ದೇಶದಲ್ಲಿ ನೋಡಲು ಸಿಗುತ್ತದೆ ಎಂಬ ವಿವರ. ಕೊನೆಯದ್ದು ದುಬೈನಲ್ಲೋ ನ್ಯೂಜೆರ್ಸಿಯಲ್ಲೋ ಕೂತು ಹುಡುಕುವ ಕನ್ನಡಿಗರಿಗೆ ಎಲ್ಲಕ್ಕಿಂತ ಮುಖ್ಯ. ಹಳೆಯ ಧಾರಾವಾಹಿಗಳಿಗೆ ಈ ಕೆಲಸವನ್ನು ವಿಕಿಡೇಟಾ ಎಂಬ ಮುಕ್ತ ಮಾಹಿತಿಕೋಶದಲ್ಲಿ ಯಾರು ಬೇಕಾದರೂ, ಕನ್ನಡದಲ್ಲೇ, ಇಂದೇ ಶುರು ಮಾಡಬಹುದು. ಅವುಗಳಲ್ಲಿ ದುಡಿದ ಹಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಮೊದಲು ಅವರನ್ನು ಕೇಳಬೇಕು.