ಹೆಣ್ಣುಕೂಸಿನ ಮೇಲಣ ಪೂರ್ವಗ್ರಹ

ವಿಚಾರಣೆಗೆ ಮುಂಚೆಯೇ ಕೊಟ್ಟ ತೀರ್ಪಿಗೆ ಪೂರ್ವಗ್ರಹವೆಂದು ಹೆಸರು. ನಜರೇತಿನವನೆಂಬ ಒಂದು ಮಾತು ಕಿವಿಗೆ ಬಿದ್ದೊಡನೆ, ಮುಖವನ್ನೂ ನೋಡದೆ, ನತಾನಯೇಲನು ಯೇಸುವನ್ನು ಹಗುರವಾಗಿ ಎಣಿಸಿದನಷ್ಟೆ. ಆದರೆ ಅವನು ಹೋಗಿ ನೋಡಿದನು. ನೋಡಿದ ಮೇಲೆ ಅಭಿಪ್ರಾಯವನ್ನು ಬದಲಿಸಿಕೊಂಡನು. ಹುಟ್ಟುವುದಕ್ಕೆ ಮುಂಚೆಯೇ ತೀರ್ಪಿಗೆ ಗುರಿಯಾದ ಕೂಸನ್ನು ಹೋಗಿ ನೋಡುವವರು ಯಾರು?

ಮಳವಳ್ಳಿ ಸೀಮೆಯ ಮುತ್ತತ್ತಿಯಲ್ಲಿ, ಕಾವೇರಿಯ ದಡದ ಮೇಲೆ, ಆಂಜನೇಯನ ಗುಡಿಯಿದೆ. ಸ್ನಾನಕಾಲದಲ್ಲಿ ಸೀತಾದೇವಿಯ ಮುತ್ತು ಮಡುವಿಗೆ ಬೀಳಲು, ಹನುಮಂತನು ಬಾಲದಿಂದ ನೀರನ್ನು ಕಡೆದು ಅದನ್ನು ಎತ್ತಿಕೊಟ್ಟನೆಂದೂ, ಊರಿಗೆ ಈ ಹೆಸರು ಬಂದುದು ಅದರಿಂದಲೇ ಎಂದೂ ಸ್ಥಳದವರು ಹೇಳುವರು. ಒಬ್ಬ ಸ್ತ್ರೀಯ ಒಡವೆಗಾಗಿ ಹೊಳೆಯನ್ನೇ ಕಲಕಿದ ಕಥೆಯನ್ನು ಭಕ್ತಿಯಿಂದ ಹೇಳುವ ನಾಡಿನಲ್ಲಿ ಹೆಣ್ಣುಕೂಸು ಹೊರೆಯೆನಿಸಿದುದು ಹೇಗೆ?

ಬಡತನವೇ ಕಾರಣವೆಂದು ಹಲವರ ಮತ. ನಮಗೆ ಅದು ಪೂರ್ಣವಾಗಿ ಒಪ್ಪಿಗೆಯಾಗದು. ಮಂಡ್ಯದ ಬಯಲು ಕನ್ನಂಬಾಡಿಯ ನೀರುಂಡು ಬತ್ತ ಕಬ್ಬುಗಳಿಂದ ತುಂಬಿದ ಸೀಮೆ. ನೀರು ಬಂದ ನೆಲಕ್ಕೆ ಬೆಲೆ ಬಂದಿತು. ಬೆಲೆ ಬಂದ ನೆಲವು ಮಗಳೊಡನೆ ಪರರ ಮನೆಗೆ ಹೋದೀತೆಂಬ ಭಯವೂ ಬಂದಿತು. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕಿನ ಕಾನೂನನ್ನು ಮಾಡಿತು. 1961ರಲ್ಲಿ ವರದಕ್ಷಿಣೆಯು ನಿಷಿದ್ಧವಾಯಿತು. 2005ರ ತಿದ್ದುಪಡಿಯು ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮನಾದ ಪಾಲನ್ನು ಕೊಟ್ಟಿತು. ಆದರೂ ಮದುವೆಗೆ ಖರ್ಚು ಮಾಡಿದೆವೆಂದು ಹೇಳಿ ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸುವುದು ಅಪರೂಪವೇನಲ್ಲ. ಮುಪ್ಪಿಗೆ ಆಸರೆ, ಚಿತೆಗೆ ಬೆಂಕಿ, ವಂಶಕ್ಕೆ ಹೆಸರು ಮಗನಿಂದಲೇ ಎಂಬ ನಂಬಿಕೆಗಳನ್ನು ಬೇರೆ ವಿವರಿಸಬೇಕಾಗಿಲ್ಲ. ಇವೆಲ್ಲಕ್ಕೂ ಮೇಲಾಗಿ ಅಜ್ಞಾನವೊಂದುಂಟು: ಶಿಶುವು ಹೆಣ್ಣೋ ಗಂಡೋ ಎಂಬುದು ತಂದೆಯ ಬೀಜದಿಂದ ನಿರ್ಣಯವಾಗುತ್ತದೆ, ಬೈಗುಳವಾದರೋ ತಾಯಿಯ ಪಾಲಿಗೆ.

ಗರ್ಭದೊಳಗನ್ನು ತೋರುವ ಯಂತ್ರವು ಬಂದುದರಿಂದ ಈ ಹಳೆಯ ಭಾವನೆಯ ಕೈಗೆ ಹೊಸ ಆಯುಧವು ಸಿಕ್ಕಿತು. ಲಿಂಗಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲಿ ಆಯಿತು. ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 960 ಹೆಣ್ಣುಮಕ್ಕಳಿದ್ದರು, 2001ರಲ್ಲಿ 946, 2011ರಲ್ಲಿ 948. 2023ರ ನವೆಂಬರಿನಲ್ಲಿ ಮಂಡ್ಯದ ಬಳಿಯ ಹಾಡ್ಯದ ಆಲೆಮನೆಯೊಂದರಲ್ಲಿ ಗುಟ್ಟಾಗಿ ಗರ್ಭಪರೀಕ್ಷೆ ನಡೆಯುತ್ತಿದ್ದುದು ಪೊಲೀಸರ ತನಿಖೆಯಿಂದ ಹೊರಬಿದ್ದಿತು. ಕೊಪ್ಪರಿಗೆಯಲ್ಲಿ ಹಾಲು ಕುದಿದು ಬೆಲ್ಲವಾಗುವ ಮನೆ ಅದು. ಊರ ಮಕ್ಕಳು ಬಿಸಿಬೆಲ್ಲಕ್ಕೆ ಕೈಯೊಡ್ಡಿ ನಿಲ್ಲುವ ಅಂತಹ ಎಡೆಯನ್ನೇ ಈ ಕೆಲಸಕ್ಕೆ ಆರಿಸಿಕೊಂಡವರ ಧೈರ್ಯಕ್ಕೆ ಏನೆನ್ನೋಣ!

ಅದೇ ವರ್ಷದ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಅವಿವಾಹಿತ ತರುಣರು, ಬಹುಮಟ್ಟಿಗೆ ಒಕ್ಕಲುಮಕ್ಕಳು, ತಮಗೆ ಕನ್ಯೆಯರು ದೊರೆಯಲೆಂದು ಹರಕೆ ಹೊತ್ತು ಮಲೆಯ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡೆಯಿಂದ ಹೊರಟರು. ಕೆಲವರು ನಕ್ಕರು, ನಮಗೆ ನಗು ಬರಲಿಲ್ಲ. ಒಂದು ತಲೆಮಾರಿನವರು ಬೇಡವೆಂದ ಕೂಸುಗಳ ಕೊರತೆಯು ಮುಂದಿನವರ ಮನೆಯಲ್ಲಿ ಕಾಣಿಸಿಕೊಳ್ಳದೆ ಹೋಗುವುದೆ? ಓದಿದ ಹುಡುಗಿಯರು ರೈತರನ್ನು ಒಲ್ಲರೆಂಬ ದೂರು ಆಗಲೂ ಕೇಳಿಬಂದಿತು, ಅದರಲ್ಲಿ ನಿಜವಿಲ್ಲದಿಲ್ಲ. ಆದರೆ ಮುಂಜಾನೆ ಕೊಟ್ಟಿಗೆಯ ಸಗಣಿ ಬಾಚಿ, ಹಗಲೆಲ್ಲ ಗದ್ದೆಯಲ್ಲಿ ನಾಟಿ ಹಾಕಿ, ಇರುಳು ಒಲೆಯ ಮುಂದೆ ಕುಳಿತ ತಾಯಿಯ ಹೆಸರನ್ನು ಆ ಹೊಲದ ಪಹಣಿಯಲ್ಲಿ ಕಾಣದ ಮಗಳು, ಅಂತಹ ಇನ್ನೊಂದು ಮನೆಗೆ ಹೋಗಲು ಹಿಂಜರಿದರೆ, ಆಕೆಯದನ್ನು ಪೂರ್ವಗ್ರಹವೆನ್ನಲು ನಾವು ಸಿದ್ಧರಿಲ್ಲ. ಆಕೆಯು ನೋಡಿಯೇ ತೀರ್ಮಾನಿಸಿದವಳು.