ಸಂಡಾಸಿನ ಗುಂಡಿಯಿಂದ ನದಿಗೆ, ನದಿಯಿಂದ ನಮ್ಮ ನಳಕ್ಕೆ

ಮಳೆಗಾಲದಲ್ಲಿ ಯರ್ಖಾನ್, ಅಂದರೆ ಕಾಮಾಲೆಗೆ ಔಷಧಿ ಕೇಳಿಕೊಂಡು ಬರುವ ಕುಟುಂಬಗಳಿಗೆ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಕುಡಿಯುವ ನೀರು ಎಲ್ಲಿಯದು? ಮನೆಯ ಸಂಡಾಸಿನ ಗುಂಡಿ ಅದರಿಂದ ಎಷ್ಟು ದೂರ ಇದೆ? ಎರಡನೆಯ ಪ್ರಶ್ನೆ ಕೇಳಿ ಅನೇಕರು ಅಚ್ಚರಿಪಡುತ್ತಾರೆ. ಗುಂಡಿಗೂ ಕಾಯಿಲೆಗೂ ಇರುವ ಸಂಬಂಧ ನೆಲದ ಕೆಳಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಸೆಪ್ಟಿಕ್ ಟ್ಯಾಂಕ್ ಹೊಲಸನ್ನು ಪೂರ್ತಿ ಶುದ್ಧ ಮಾಡುತ್ತದೆ ಎಂಬುದು ತಪ್ಪು ತಿಳುವಳಿಕೆ. ಅದರಲ್ಲಿ ಗಟ್ಟಿ ಭಾಗ ತಳಕ್ಕೆ ಕೂರುತ್ತದೆ, ಸ್ವಲ್ಪ ಕೊಳೆತು ಕರಗುತ್ತದೆ. ಹೊರಗೆ ಹೋಗುವ ನೀರಿನಲ್ಲಿ ರೋಗಾಣುಗಳು ಹಾಗೆಯೇ ಉಳಿದಿರುತ್ತವೆ. ಅವನ್ನು ತಡೆಯುವ ಕೆಲಸ ಇಂಗುಗುಂಡಿಯ ಸುತ್ತಲಿನ ಮಣ್ಣಿನದು. ನೀರು ಒಣ ಮಣ್ಣಿನ ಮೂಲಕ ನಿಧಾನವಾಗಿ ಇಳಿದರೆ ರೋಗಾಣುಗಳು ಸಿಕ್ಕಿಕೊಂಡು ಸಾಯುತ್ತವೆ.

ಆದರೆ ಕಲಬುರಗಿ, ಕಮಲಾಪುರದ ನೆಲದಡಿ ಇರುವುದು ಬಸಾಲ್ಟ್ ಕರಿಕಲ್ಲು. ಅದರಲ್ಲಿ ನೀರು ಸಂಚರಿಸುವುದು ಸೀಳು, ಬಿರುಕುಗಳಲ್ಲಿ. ಮೇಲೆ ಎರೆ ಮಣ್ಣಿರುವ ಕಡೆ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಗುಂಡಿಯ ತಳ ಕಲ್ಲಿನ ಬಿರುಕಿಗೆ ತಾಗಿದರೆ ಹೊಲಸು ನೀರು ಸೋಸದೆ ನೇರವಾಗಿ ಅಂತರ್ಜಲ ಸೇರುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಮೇಲೇರಿ ತಾನೇ ಗುಂಡಿಯ ತಳ ಮುಟ್ಟುವುದೂ ಉಂಟು. ಬತ್ತಿದ ಬೋರಿಗೆ ಸಂಡಾಸಿನ ಪೈಪು ಬಿಡುವುದಂತೂ ನೆರೆಹೊರೆಯವರ ಬಿಂದಿಗೆಗೇ ಹೊಲಸು ಸುರಿದಂತೆ.

ಅಂತರ್ಜಲ ಒಂದೇ ಕಡೆ ನಿಲ್ಲುವುದಿಲ್ಲ, ಇಳಿಜಾರಿನತ್ತ ಹರಿದು ಹಳ್ಳಗಳಲ್ಲಿ ಒಸರುತ್ತದೆ. ಮಳೆ ನಿಂತ ಮೇಲೂ ಹಳ್ಳ, ನದಿಗಳಲ್ಲಿ ಹರಿಯುವ ನೀರು ಬಹುಪಾಲು ಇದೇ. ಹುಮನಾಬಾದ್ ರಸ್ತೆಯ ಕುರಿಕೋಟಾ ಸೇತುವೆಯಿಂದ ಬೆಣ್ಣೆತೊರಾ ನದಿಯನ್ನು ನೀವು ನೋಡಿರುತ್ತೀರಿ. ಭೀಮಾ ನದಿಯ ಜೊತೆಗೆ ಈ ನದಿಯ ನೀರೂ ಕಲಬುರಗಿ ನಗರಕ್ಕೆ ಕುಡಿಯಲು ಬರುತ್ತದೆ. ಮುಂದೆ ಅದು ಕಾಗಿಣಾ ಸೇರುತ್ತದೆ, ಕಾಗಿಣಾ ಭೀಮಾ ಸೇರುತ್ತದೆ. ಕಮಲಾಪುರದ ಕಡೆ ನೆಲಕ್ಕೆ ಬಿಟ್ಟದ್ದು ನಗರದ ನಳದತ್ತ, ನಗರ ಬಿಟ್ಟದ್ದು ಕೆಳಗಿನ ಊರುಗಳತ್ತ ಸಾಗುತ್ತದೆ. ದಾರಿ ದೂರವಾದಷ್ಟೂ ರೋಗಾಣುಗಳು ಕಡಿಮೆಯಾಗುತ್ತವೆ. ಆದರೆ ಹೊಲಸಿನಿಂದ ಹುಟ್ಟುವ ನೈಟ್ರೇಟ್ ಸುಲಭವಾಗಿ ನಾಶವಾಗುವುದಿಲ್ಲ.

ಅಪಾಯ ಎಷ್ಟು ದೊಡ್ಡದು? 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಕಾಲರಾ ಹಬ್ಬಿ ನೂರಾರು ಜನ ಸತ್ತರು. ಕುಡಿಯುವ ನೀರಿನ ಬಾವಿಯಿಂದ ಸುಮಾರು ಮೂರು ಅಡಿ ದೂರದಲ್ಲೇ ಒಂದು ಮನೆಯ ಶೌಚಗುಂಡಿ ಸೋರುತ್ತಿತ್ತು. 1955–56ರಲ್ಲಿ ದೆಹಲಿಯಲ್ಲಿ ಯಮುನೆಯ ಕುಡಿಯುವ ನೀರಿಗೆ ಚರಂಡಿ ನೀರು ಬೆರೆತು ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಅದು ಹೆಪಟೈಟಿಸ್ ಇ ಎಂದು ನಂತರ ತಿಳಿಯಿತು. ಗರ್ಭಿಣಿಯರಿಗೆ ಕೊನೆಯ ಮೂರು ತಿಂಗಳಲ್ಲಿ ಇದು ತಗುಲಿದರೆ ನೂರಕ್ಕೆ 20–25 ಮಂದಿಯವರೆಗೆ ಸಾಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗರ್ಭಿಣಿಯ ಕಣ್ಣು ಹಳದಿಯಾದರೆ ಮನೆಮದ್ದು, ಯುನಾನಿ ಔಷಧಿ ಯಾವುದಕ್ಕೂ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಬಣ್ಣ, ರುಚಿ, ವಾಸನೆ ನೋಡಿ ನೀರನ್ನು ಒಪ್ಪುವುದು ನಮ್ಮ ರೂಢಿ. ವುಝೂ ನೀರಿಗೆ ನಾವು ನೋಡುವುದೂ ಇವೇ ಲಕ್ಷಣ. ಆದರೆ ರೋಗಾಣು, ನೈಟ್ರೇಟ್ ಎರಡೂ ತಿಳಿನೀರಿನಲ್ಲೇ ಅಡಗಿರಬಲ್ಲವು. ಆದ್ದರಿಂದ ಕುಡಿಯುವ ನೀರಿಗೆ ಪರೀಕ್ಷೆಯೂ ಬೇಕು.

ಮನೆಯಲ್ಲಿ ಇಷ್ಟನ್ನು ಮಾಡಿ:

• ಇಂಗುಗುಂಡಿ ಕುಡಿಯುವ ನೀರಿನ ಬಾವಿ, ಬೋರಿನಿಂದ ಕನಿಷ್ಠ 18 ಮೀಟರ್ ದೂರವಿರಲಿ. ಇದು ಭಾರತೀಯ ಮಾನಕ. ಕಲ್ಲು ಬಿರುಕಿರುವ ಕಡೆ ಇನ್ನೂ ದೂರವಿದ್ದರೆ ಒಳ್ಳೆಯದು.

• ಟ್ಯಾಂಕಿನ ತಳ, ಗೋಡೆ ಸೋರದಂತೆ ಸಿಮೆಂಟ್ ಗಿಲಾವು ಮಾಡಿಸಿ. ಎರಡು ಮೂರು ವರ್ಷಕ್ಕೊಮ್ಮೆ ಯಂತ್ರದಿಂದ ಖಾಲಿ ಮಾಡಿಸಿ. ಯಾರನ್ನೂ ಒಳಗೆ ಇಳಿಸಬೇಡಿ. ವಿಷಾನಿಲ ಕ್ಷಣದಲ್ಲಿ ಕೊಲ್ಲುತ್ತದೆ, 2013ರ ಕಾನೂನಿನ ಪ್ರಕಾರ ಅದು ಅಪರಾಧವೂ ಹೌದು. ತೆಗೆದ ಹೊಲಸನ್ನು ಎಲ್ಲಿ ಸುರಿಯುತ್ತೀರಿ ಎಂದು ಟ್ಯಾಂಕರಿನವರನ್ನು ಕೇಳಿ. ಹಳ್ಳಕ್ಕೆ ಸುರಿಯಲು ಬಿಡಬೇಡಿ.

• ಮಳೆಗಾಲದ ಮೊದಲು, ನಂತರ ಬೋರಿನ ನೀರು ಪರೀಕ್ಷೆ ಮಾಡಿಸಿ. 100 ಮಿಲಿ ನೀರಿನಲ್ಲಿ ಇ-ಕೋಲಿ ಒಂದೂ ಇರಬಾರದು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು.

• ಕುಡಿಯುವ ನೀರನ್ನು ಕುದಿಸಿ ಆರಿಸಿ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೈಟ್ರೇಟ್ ಹೆಚ್ಚಿರುವ ನೀರಿನಲ್ಲಿ ಹಸುಗೂಸಿಗೆ ಹಾಲಿನ ಪುಡಿ ಕಲಸಬೇಡಿ.

ಜನರು ನೀರು ಪಡೆಯುವ ಜಾಗದಲ್ಲಿ ಮಲವಿಸರ್ಜನೆ ಮಾಡುವುದನ್ನು ಪ್ರವಾದಿ(ಸ) ಕಟ್ಟುನಿಟ್ಟಾಗಿ ತಡೆದಿದ್ದಾರೆ. ನಮ್ಮ ಮನೆಯ ಗುಂಡಿ ಸೋರಿ ನೆರೆಮನೆಯ ಬೋರು ಸೇರಿದರೆ ಆಗುವ ಹಾನಿ ಅದಕ್ಕಿಂತ ಕಡಿಮೆಯೇನಲ್ಲ. ಈ ವಾರವೇ ಅಳತೆಪಟ್ಟಿ ಹಿಡಿದು ಗುಂಡಿಯಿಂದ ನಿಮ್ಮ ಬೋರಿಗೆ, ಪಕ್ಕದ ಮನೆಯ ಬೋರಿಗೆ ಎಷ್ಟು ದೂರವಿದೆ ಎಂದು ಅಳೆಯಿರಿ.