ನಾಜೂಕು ಮರಗೆಲಸಕ್ಕೆ ನುಣುಪು ಕೊಡುವ ಬಗೆ

ಬೀದರ ಕೋಟೆಯ ರಂಗೀನ ಮಹಲಿನಲ್ಲಿ ಅಲೀ ಬರೀದನ ಕಾಲದ (1542–1580) ಕೆತ್ತನೆಯ ಮರಗಂಬಗಳನ್ನು ಸಾಯಗಾಂವದ ಬಾಲಕರು ಕಂಡು ಬೆರಗಾಗುವರು. ಅಂಥ ಕುಸುರಿಗೆ ಉಳಿಯಷ್ಟೇ ಉಜ್ಜುವ ಕೈಯೂ ಮುಖ್ಯ.

ಸಣ್ಣ ಗರಗಸದಿಂದ ಹೂಬಳ್ಳಿ ಕೊರೆದ ಹಲವು ದಿನಗಳ ಶ್ರಮವು ಕಡೆಯ ಗಳಿಗೆಯಲ್ಲಿ ಉಜ್ಜುವಾಗ ಮುರಿಯುವುದುಂಟು. ಮರದ ಎಳೆಗೆ ಅಡ್ಡಲಾಗಿ ಉಳಿದ ತೆಳುಭಾಗಕ್ಕೆ ಬಲ ಕಡಿಮೆ. ಆದುದರಿಂದ ಕೊರೆಯುವ ಮುನ್ನವೇ ಹಲಗೆಯನ್ನು ಮೊದಲು 120, ಬಳಿಕ 220ನೆಯ ಅಂಕದ ಉಪ್ಪುಕಾಗದದಿಂದ ನುಣುಪುಗೊಳಿಸಬೇಕು. ಕೊರೆದ ಮೇಲೆ ತೆಗೆಯಬೇಕಾದುದು ಅಂಚಿನ ನಾರು ಮಾತ್ರ. ಆಗ ಸಮತಲದ ಮೇಲೆ ಬಟ್ಟೆ ಹಾಸಿ, ಕೆಲಸವನ್ನಿಟ್ಟು, ತೆಳುಭಾಗವನ್ನು ಬೆರಳಿನಿಂದ ಆನಿಸಿ, ಎಳೆಯ ಗುಂಟ ಹಗುರಾಗಿ ಉಜ್ಜಬೇಕು. ರಂಧ್ರಗಳಿಗೆ ಕಾಗದವನ್ನು ಕಡ್ಡಿಗೆ ಸುತ್ತಿ ಬಳಸಬೇಕು. ಕಾಗದವು ಮೂಲೆಯಲ್ಲಿ ಸಿಕ್ಕಿಕೊಂಡರೆ ಎಳೆಯದೆ, ಮೆಲ್ಲನೆ ಎತ್ತಿ ತೆಗೆಯುವುದು ಲೇಸು.